ಕಂಕುಳ ಕೆಂಡ

ಕಿರಿಮಾರದ ನೆತ್ತಿಗೆ ಇನ್ನರ್ಧ ದಿನದ ನಡಿಗೆ ಉಳಿದಾಗ
ಮರ ಮುಗಿದು ಲೊಬೀಲಿಯಾ ಶುರು.
ಹೂವಿನ ಗಿಡ ಅಂದರೆ ನಂಬುವುದು ಕಷ್ಟ:
ಆಳೆತ್ತರದ ಕಂಬ, ಮೈತುಂಬ ನರೆಗೂದಲು,
ಕೂದಲ ಸಂದಿಯಲ್ಲಿ ಉಗುರಿನಷ್ಟು ನೀಲಿ.

ಆ ನೀಲಿಗೆ ಕೊಕ್ಕು ಹಾಕಲೆಂದೇ
ಸೂರಕ್ಕಿಯ ಒಂದು ಕುಲ ಇಷ್ಟು ಮೇಲೆ ಬಂದು ಸಂಸಾರ ಹೂಡಿದೆ.
ದಾಯಾದಿಗಳೆಲ್ಲ ಕೆಳಗೆ ಬಾಳೆಹೂವಿನ ಬಿಸಿಲಲ್ಲಿ,
ಇದಕ್ಕೆ ಮಂಜುಗಡ್ಡೆಯ ಹಿತ್ತಲು.
ಗಂಡಿಗೆ ಪಚ್ಚೆ ಅಂಗಿ, ಉದ್ದ ಎರಡೆಳೆ ಬಾಲ.
ಹೆಣ್ಣು ಮಣ್ಣುಬಣ್ಣ.
ಇಬ್ಬರ ಕಂಕುಳಲ್ಲೂ ಕೆಂಪು ಕುಚ್ಚು:
ಮುಚ್ಚಿದರೆ ಇಲ್ಲ, ರೆಕ್ಕೆ ಎತ್ತಿದರೆ ಕೆಂಡ.

ನಾನು ಹೊರೆಯವನು.
ಟೆಂಟು, ಸೀಮೆಎಣ್ಣೆ, ಜೋಳದ ಹಿಟ್ಟು ನನ್ನ ಬೆನ್ನಿಗೆ,
ಕೆಂಡವನ್ನು ಮಿಲಿಮೀಟರಿನಲ್ಲಿ ಅಳೆಯುವ ಕೆಲಸ ಕರ್ವಿಥಾಳಿಗೆ.
ಬಲೆ, ತಕ್ಕಡಿ, ಕಾಲಿಗೊಂದು ನಂಬರಿನ ಬಳೆ.
'ಹದಿನಾರು ಗ್ರಾಂ,' ನಗುತ್ತಿದ್ದಳು,
'ನಮ್ಮಜ್ಜನ ನಶ್ಯವೇ ಇದಕ್ಕಿಂತ ಭಾರ.'

ಒಂಬತ್ತನೇ ವಾರ ಕತ್ತರಿ ತೆಗೆದಳು.
ಕಾಗದದಲ್ಲಿ ಹಾಗೇ ಬರೆದಿತ್ತಂತೆ:
ಅರ್ಧದಷ್ಟು ಗಂಡುಗಳ ಕುಚ್ಚು ಕತ್ತರಿಸಿ, ಏನಾಗುತ್ತದೆ ನೋಡಿ.
ನೋವಿಲ್ಲ, ಉಗುರು ತೆಗೆದ ಹಾಗೆ, ಅಂದಳು,
ನನಗೋ, ಹಕ್ಕಿಗೋ, ತನಗೋ.

ಮೂವತ್ತೊಂದನೇ ಬಳೆಯವನು
ಅಂಗೈಯಿಂದ ಹಾರಿ ತನ್ನ ಕಂಬಕ್ಕೇ ಹೋಗಿ ಕೂತ.
ಹನ್ನೊಂದು ಕಂಬಗಳ ಯಜಮಾನ.
ನೆರೆಯವನು ಬಂದ. ಇವನು ಎದೆಯುಬ್ಬಿಸಿ
ರೆಕ್ಕೆ ಎತ್ತಿದ.
ತೋರಿಸಲು ಏನೂ ಇರಲಿಲ್ಲ.
ಅದು ಅವನಿಗೆ ಗೊತ್ತಿರಲಿಲ್ಲ.
ಮತ್ತೆ ಎತ್ತಿದ. ಮತ್ತೆ.

ಗುರುವಾರಕ್ಕೆ ಒಂಬತ್ತು ಕಂಬ. ಶನಿವಾರ ನಾಲ್ಕು.
ಸೋಮವಾರ ಮಂಜು ಕವಿದು ಎಣಿಸಲಾಗಲಿಲ್ಲ.
ಅವಳು ಬರೆದುಕೊಂಡಳು. ಅಕ್ಷರ ದುಂಡಗೇ ಇತ್ತು.

ಹೆಣ್ಣು ಮಾತ್ರ ಕದಲಲಿಲ್ಲ.
ಎಲೆಯ ಅರಳೆ, ಉದುರಿದ ಗರಿ ತುರುಕಿದ ಚೀಲದೊಳಗೆ
ಒಂದೇ ಮೊಟ್ಟೆ,
ಬಾಗಿಲಿಗೆ ಕೊಕ್ಕಿಟ್ಟು ಕೂತಿದ್ದಳು.
ರಾತ್ರಿಯೆಲ್ಲ ಎಲೆಬಟ್ಟಲಿನ ನೀರು ಮೇಲಷ್ಟೇ ಹೆಪ್ಪುಗಟ್ಟಿ
ಒಳಗಿನ ಮೊಗ್ಗನ್ನು ಕಾಯುತ್ತದೆ, ಹಾಗಂತ ಹೇಳಿಕೊಟ್ಟವಳೇ
ಬೆಳಿಗ್ಗೆ ಆ ಗಾಜು ಒಡೆದು ಕೈ ತೊಳೆದಳು,
ಬಹಳ ಹೊತ್ತು.

ಚೊಗೋರಿಯಾಕ್ಕೆ ಇಳಿದ ಸಂಜೆ
ಅವಳಜ್ಜ ಲಕೋಟೆಯನ್ನು ದೀಪಕ್ಕೆ ಹಿಡಿದು ನೋಡಿದ.
'ಮತ್ತೆ ಬೆಳೀತದಾ?'
'ಗರಿ ಉದುರಿ ಹುಟ್ಟುವ ಕಾಲಕ್ಕೆ.'
'ಅಲ್ಲಿವರೆಗೆ?'

ಅವಳು ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದಳು.
ನಾನು ಕೂಲಿ ಎಣಿಸಿಕೊಂಡೆ,
ಸರಿಯಾಗಿಯೇ ಇತ್ತು,
ಆದರೂ ಎರಡನೇ ಸಲ ಎಣಿಸಿದೆ.