ಕೆಸ್ತ್ರಾವಾದ ಮೂವತ್ತೊಂದು ಹೆಂಗಸರು

ಊರಿನ ಹೆಸರು ವುಚ್. ಪೋಲಿಷಿನಲ್ಲಿ ದೋಣಿ ಎಂದರ್ಥ.
ತೇಲಿಸಲು ಹೊಳೆಯೇ ಕಾಣದು:
ಗಿರಣಿಗಳ ಕಾಲದಲ್ಲಿ ಅದನ್ನು ಕೊಳವೆಗಿಳಿಸಿ
ಮೇಲೆ ಬೀದಿ ಹಾಸಿದರು.
ಅಂಥದೇ ಒಂದು ಗಿರಣಿಯ ಮೂರನೆಯ ಮಹಡಿಯಲ್ಲಿ,
ನೂಲಿನ ಧೂಳು ಇನ್ನೂ ಸೀನಿಸುವ ಕೋಣೆಯಲ್ಲಿ
ನಾವೊಂದು ರಾಜಧಾನಿ ಕಟ್ಟಿದೆವು, ಆಟಕ್ಕೆ.

ಕೋಟೆ ಸೆವೆರಿನ್‌ನದು, ಆಕಾಶ ಇನ್ನಾರದೋ,
ಸದ್ದು ನನ್ನದು.
ಏಳು ಬಾಗಿಲ ಕೆಸ್ತ್ರಾವಾ! ನಾಲ್ಕು ಸಾವಿರ ಕಿಟಕಿ,
ತೆರೆಯುವುದು ಹನ್ನೊಂದು.
ಲೋಕದ ಹಾದಿಯೆಲ್ಲ ಅಲ್ಲಿಗೇ ಬಂದು ಮುಟ್ಟಬೇಕು,
ಕತ್ತಿ ಮಾರಲು, ಗಾಯಕ್ಕೆ ಮದ್ದು ಕೊಳ್ಳಲು,
ದೊರೆಯನ್ನು ಕೊಲ್ಲಲು, ಇಲ್ಲವೇ ಸುಮ್ಮನೆ
ಕಾರಂಜಿಯ ಕಟ್ಟೆ ಮೇಲೆ ಕೂರಲು.
ಎಲ್ಲ ಇತ್ತು. ಜನ ಮಾತ್ರ ಬಾಯಿ ತೆರೆದರೆ
ಮೀನಿನಂತೆ ಗಾಳಿ ನುಂಗುತ್ತಿದ್ದರು.

ಆಗ ಬಂದಳು ಲುಡ್ವಿಕಾ ಝೆಂಬಾ,
ಬೊಂಬೆಯಾಟದ ಮಂಡಳಿಯಲ್ಲಿ ಮೂವತ್ತು ವರ್ಷ ಸವೆದವಳು,
ವಯಸ್ಸು ಅರವತ್ತೆಂಟು, ಕೈಯಲ್ಲಿ ಬಲೆಚೀಲ, ಚೀಲದಲ್ಲಿ ಬೀಟ್ರೂಟು.
ಮನೆತನದ ಹೆಸರಿನಲ್ಲೊಂದು ಪುಟ್ಟ ಹಕ್ಕಿಯಿದೆ;
ಕೊರಳಲ್ಲಿ ಇಡೀ ಸಂತೆಯಿತ್ತು.
ರೊಟ್ಟಿಯವಳು, ಸೂಲಗಿತ್ತಿ, ಸೇತುವೆಯ ಮೇಲೆ ಬೇಡುವ ವಿಧವೆ,
ಸುಂಕದವನ ಹೆಂಡತಿ,
ಮೇಲಿನ ಕಿಟಕಿಯಿಂದ ಮಕ್ಕಳನ್ನು ಬಯ್ಯುವವಳು
(ಮಕ್ಕಳನ್ನು ನಾವು ಮಾಡಿರಲಿಲ್ಲ, ಸಮಯ ಸಾಲಲಿಲ್ಲ).
ಮೂವತ್ತೊಂದು ಹೆಂಗಸರು, ತಲೆಗೆ ನಾಲ್ಕೇ ಮಾತು,
ಮಾತಿಗಿಷ್ಟೆಂದು ಕೂಲಿ.

ಮುತ್ತಿಗೆಯ ದೃಶ್ಯಕ್ಕೆ ಒಂದೇ ಮಧ್ಯಾಹ್ನ
ಮೂವತ್ತೊಂದು ಸಲ ಸತ್ತಳು.
ಎದ್ದು, ಬಿಸಿನೀರಿಗೆ ಜೇನು ಕೇಳಿ,
‘ಸಾವಿಗೂ ಮಾತಿನ ದರವೇ ಏನಪ್ಪ?
ಚೀರುವಾಗ ಹೋಗುವ ಉಸಿರಿಗೆ ಲೆಕ್ಕವಿಲ್ಲವೇ?’
ಸೆವೆರಿನ್ ದರ ಏರಿಸಿದ.

ಕೊನೆಗುಳಿದದ್ದು ಗದ್ದಲ.
ಗದ್ದಲವಿಲ್ಲದ ರಾಜಧಾನಿ ಎಲ್ಲಾದರೂ ಉಂಟೇ?
ಹತ್ತು ನಿಮಿಷ ಏನಾದರೂ ಗೊಣಗಿ ಎಂದೆ,
ಕೇಳದಷ್ಟು ತಗ್ಗಿಸುತ್ತೇವೆ, ಅರ್ಥ ಬೇಡ.
ಕಣ್ಣು ಮುಚ್ಚಿ ಗೊಣಗಿದಳು.

ರಾತ್ರಿ, ಮನೆಯಲ್ಲಿ, ಒಂದೊಂದೇ ಎಳೆ ಇಳಿಸುತ್ತ,
ಗಾಡಿಯ ಗಾಲಿ, ಪಾರಿವಾಳ, ಕಮ್ಮಾರನ ಸುತ್ತಿಗೆ,
ಎಲ್ಲದರ ಅಡಿಯಲ್ಲಿ ಅವಳನ್ನು ಕೇಳಿಸಿಕೊಂಡೆ:
ಸಾಬೂನು ಕಾರ್ಖಾನೆ. ಕುದುರೆ ಪೇಟೆ. ಕಿವುಡರ ಶಾಲೆ.
ಮೂರನೆಯ ನೂಲುಗಿರಣಿ, ಸೈರನ್ ಆದ ಮೇಲೆ ನಿಲ್ಲುವುದಿಲ್ಲ.
ಆಸ್ಪತ್ರೆ. ಸ್ಮಶಾನದ ಗೇಟು.
ಮತ್ತೆ ಸ್ಮಶಾನದ ಗೇಟು. ಆಸ್ಪತ್ರೆ. ಮೂರನೆಯ ನೂಲುಗಿರಣಿ...
ಅವಳಮ್ಮ ಟಿಕೆಟು ಹರಿಯುತ್ತಿದ್ದ ಟ್ರಾಮಿನ ದಾರಿ;
ಹಳಿ ಕಿತ್ತೇ ಎಷ್ಟೋ ಕಾಲವಾಯಿತು.
ಅಳಿಸಬೇಕಿತ್ತು. ಅಳಿಸಲಿಲ್ಲ.

ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಗಂಟಲಿಗೆ ಆಪರೇಷನ್ ಆಗಿ
ಅವಳ ಮಾತು ಮರಳುಕಾಗದ.
ಲ್ಯಾಪ್‌ಟಾಪು ಹೊತ್ತು ನಾಲ್ಕು ಮಹಡಿ ಹತ್ತಿದೆ:
ಅವಳು ಒಮ್ಮೆಯೂ ಆ ಊರು ನೋಡಿರಲಿಲ್ಲ.
ಗೋಡೆಗೆ ಮೂಗು ತಾಗಿಸಿಕೊಂಡು ಎರಡು ನಿಮಿಷ ನಡೆದಳು.
ಕಾವಲಿನವನಿಗೆ ಡಿಕ್ಕಿ ಹೊಡೆದು ಕ್ಷಮೆ ಕೇಳಿದಳು.
ಅಂತೂ ರೊಟ್ಟಿಯಂಗಡಿ.
‘ನಿನ್ನೆಯದಲ್ಲ ಕಣಮ್ಮ, ಮುಟ್ಟಿ ನೋಡು.’
‘ಎಷ್ಟು?’ ಎಂದಳು ಲುಡ್ವಿಕಾ.
‘ನಿನ್ನೆಯದಲ್ಲ ಕಣಮ್ಮ, ಮುಟ್ಟಿ ನೋಡು.’
‘ಎಂಥ ಮೊಂಡಿ! ಬೇರೆ ಮಾತೇ ಬಾರದೇ ಇವಳಿಗೆ?’
ನಾಲ್ಕಕ್ಕೇ ದುಡ್ಡು ಕೊಟ್ಟಿದ್ದು ಎಂದೆ.
ನಗಲು ಹೋಗಿ ಕೆಮ್ಮಿದಳು.

ಹನ್ನೆರಡು ನಿಮಿಷಕ್ಕೊಮ್ಮೆ ಬರುವ ಸಂಜೆ ಬಂತು ಕೆಸ್ತ್ರಾವಾಕ್ಕೆ.
ತೆರೆಯದ ಕಿಟಕಿಗಳಲ್ಲೂ ದೀಪ.
ಸದ್ದಿನ ಬೀಗದ ಕೈ ನನ್ನಲ್ಲೇ ಇತ್ತಲ್ಲ,
ಹೇಳದೆ ಕೇಳದೆ ಇಳಿಸಿದೆ
ಗಾಲಿ, ಪಾರಿವಾಳ, ಸುತ್ತಿಗೆ.
ತಲೆ ವಾಲಿಸಿದಳು.
ಆಸ್ಪತ್ರೆ, ಎಂದಿತು ಕಲ್ಲುಹಾಸು.
ಹೋಗುವ ಟ್ರಾಮೋ, ಮರಳುವುದೋ, ನನಗೆ ತಿಳಿಯಲಿಲ್ಲ.
ಕೈ ಬಲೆಚೀಲ ಹುಡುಕಿತು.
‘ಸರಿ, ಸರಿ, ದಾರಿ ಬಿಡು,’ ಎಂದಳು,
‘ಮುಂದಿನದು ನನ್ನದು.’