ಉಗುರಗಲದ ಕಣಿವೆ

ಬಾರ್ಸಿಲೋನಾದಲ್ಲಿ ನಮ್ಮ ಲ್ಯಾಬು ನೆಲಮಾಳಿಗೆಯಲ್ಲಿ.
ಮೇಲೆ ಟ್ರಾಮು ಹೋದಾಗಲೆಲ್ಲ ಸೂಜಿ ನಡುಗುತ್ತದೆ,
ಹಾಗಾಗಿ ಅಳತೆ ತೆಗೆಯುವುದು ರಾತ್ರಿ ಒಂದರ ಮೇಲೆ.
ನನ್ನ ಕೆಲಸ ಇಷ್ಟೇ:
ಕೂದಲಿಗಿಂತ ಸಣ್ಣ ಮೊನೆಯನ್ನು ಚಿಪ್ಪಿನ ಮೈಗೆ ತಾಗಿಸಿ
ಉಸಿರು ಹಿಡಿಯುವುದು.

ಉಗುರಗಲದ ಆ ಊರಲ್ಲಿ ಅರವತ್ತನಾಲ್ಕು ಮನೆ,
ಮನೆಗೊಬ್ಬ ಲೆಕ್ಕಿಗ, ತಲೆ ಎತ್ತದೆ ದುಡಿಯುವವನು.
ಈ ಮೂಲೆಯವನ ಮಾತು ಆ ಮೂಲೆ ಮುಟ್ಟಬೇಕೆಂದರೆ
ತಾಮ್ರದ ಓಣಿಯಲ್ಲಿ ಹದಿನಾಲ್ಕು ಹೆಜ್ಜೆ,
ಹೆಜ್ಜೆಗೊಬ್ಬ ಕಾವಲುಗಾರ:
ನಿಲ್ಲು. ಎಲ್ಲಿಗೆ? ಮುಂದಿನವ ಹೋಗಲಿ. ಈಗ ನಡೆ.
ಲೆಕ್ಕ ಮುಗಿದದ್ದು ಚಿಟಿಕೆಯಲ್ಲಿ;
ಮಾತಿಗೆ ಕಾದು ಕಾದು
ಓಣಿಗಳೇ ಕಾದುಹೋದವು.

ಗ್ವಾಸಿಮಾರ ಲಾ ಗೊಮೇರಾ ದ್ವೀಪದವಳು.
ಬೋರ್ಡಿನ ಮೇಲೆ ನಮ್ಮ ಓಣಿಗಳನ್ನು ನೋಡಿ
ಮೊದಲ ದಿನವೇ ನಕ್ಕಳು: ನಡೆದು ಯಾಕೆ ಹೋಗುತ್ತೀರಿ?
ಅವಳೂರಲ್ಲಿ ಎದುರು ಮನೆ ಕಾಣುತ್ತದಂತೆ,
ಅದರ ಒಲೆಯ ಹೊಗೆಯೂ ಕಾಣುತ್ತದಂತೆ,
ನಡುವೆ ಕಣಿವೆ, ಇಳಿದು ಹತ್ತುವುದರಲ್ಲಿ ಅರ್ಧ ದಿನ.
ಅಲ್ಲಿ ಬೆರಳು ಬಾಯಿಗೆ ಹೋಗುವುದು ಬೆರಗಿಗಲ್ಲ,
ಮಾತಿಗೆ.
ತಪ್ಪಿಸಿಕೊಂಡ ಮೇಕೆಯ ಬಣ್ಣ, ಅದರ ಮುರಿದ ಕೊಂಬು,
ಒಂದು ಶಿಳ್ಳೆಯಲ್ಲಿ ಮೂರು ಗುಡ್ಡಕ್ಕೆ ಹೇಳುತ್ತಿದ್ದನಂತೆ
ಅಜ್ಜ ಎಲಿಹಿಯೊ.

ಎಳ್ಳಿಗಿಂತ ಸಣ್ಣ ಆಂಟೆನಾ ನೆಟ್ಟೆವು, ಅಲ್ಲಲ್ಲಿ ಒಂದೊಂದು.
ಹತ್ತಿರದ ಮಾತು ತಾಮ್ರಕ್ಕೆ, ದೂರದ್ದು ಗಾಳಿಗೆ.
ಗಾಳಿ ಅಂದೆ, ಅಲ್ಲಿ ಗಾಳಿಯೂ ಇಲ್ಲ, ಬರೀ ಸಿಲಿಕಾನು.
ಮೊದಲ ತಿಂಗಳು ಒಂದಕ್ಷರ ತಿಳಿಯಲಿಲ್ಲ.
ಲೋಹದ ಮುಚ್ಚಳಕ್ಕೆ ಬಡಿದು
ಕೂಗಿದ್ದು ಕೂಗಿದವನಿಗೇ ನಾಲ್ಕು ಸಲ ಕೇಳುತ್ತಿತ್ತು.
ಇಬ್ಬರು ಒಟ್ಟಿಗೆ ಕೂಗಿದರಂತೂ ಸಂತೆ.

ಗ್ವಾಸಿಮಾರ ಊರಿಗೆ ಫೋನು ಹಚ್ಚಿದಳು.
ಅಜ್ಜ ಅಂದನಂತೆ: ಇಬ್ಬರೂ ಊದಿಬಿಟ್ಟರೆ
ಇಬ್ಬರೂ ಬಾಯಿ ಮುಚ್ಚಿ ಅಂಜೂರ ತಿನ್ನಬೇಕು,
ಒಬ್ಬ ಒಂದು, ಇನ್ನೊಬ್ಬ ಮೂರು,
ಕೈಗೆ ಸಿಕ್ಕಷ್ಟು.
ಬೇಗ ಮುಗಿಸಿದವನು ಮೊದಲು ಊದಲಿ.
ಮುಚ್ಚಳದ ವಿಷಯ ಅವನಿಗೆ ಗೊತ್ತಿರಲಿಲ್ಲ.
ಅದಕ್ಕೆ ಸಿಲಿಕಾನನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡಿದವನು ನಾನು.
ಎರಡು ಒಡೆದವು.

ಗುರುವಾರ ರಾತ್ರಿ ಎರಡು ಹತ್ತಕ್ಕೆ ಕೇಳಿತು.
ಮೂಲೆಯ ಲೆಕ್ಕಿಗ ಒಂದು ಅಂಕಿ ತಿದ್ದಿದ, ಒಂದೇ ಕೂಗು ಹಾಕಿದ:
ನಿಮ್ಮ ಪೆಟ್ಟಿಗೆಯಲ್ಲಿರುವ ಪ್ರತಿ ಹಳೆಯದು,
ನಂಬಬೇಡಿ.
ಅರವತ್ತಮೂರು ಮನೆಯೂ ಒಂದೇ ಗಳಿಗೆಗೆ ಕೇಳಿಸಿಕೊಂಡು
ಹಳೆಯದನ್ನು ಒರೆಸಿಹಾಕಿದವು.
ಕಾವಲುಗಾರರಿಗೆ ಕೆಲಸವೇ ಇರಲಿಲ್ಲ.

ಅಂಜೂರ ಗೆದ್ದಿತು ಅಂತ ಅಜ್ಜನಿಗೆ ಹೇಳಬೇಕು, ಎಂದಳು,
ಬೆಳಗಾಗಲಿ, ಈಗ ಮಲಗಿರುತ್ತಾನೆ.
ಯಂತ್ರದ ಕೆಟ್ಟ ಕಾಫಿ ಕುಡಿದು ಮತ್ತೆ ಅಳತೆಗೆ ಕೂತೆವು.

ಅವನು ಸಂಜೆ ಐದಕ್ಕೇ ಹೋಗಿದ್ದ.
ಅಮ್ಮ ಅತ್ತೆಗೆ ಹೇಳಿ,
ಅತ್ತೆ ಟೆನೆರಿಫೆಯಲ್ಲಿರುವ ಮಗನಿಗೆ ಹೇಳಿ,
ಅವನು ಬರೆದು, ಅಳಿಸಿ, ಮತ್ತೆ ಬರೆದು,
ನೆಲಮಾಳಿಗೆಗೆ ಸಿಗ್ನಲ್ಲು ಇಳಿಯದೆ
ಮೆಟ್ಟಿಲ ಮೇಲೆಯೇ ಕೂತಿತ್ತು ಸುದ್ದಿ.

ಟ್ರಾಮು ಶುರುವಾದ ಮೇಲೆ ಹತ್ತಿ ಬಂದೆವು.
ಅವಳ ಜೇಬು ನಡುಗಿತು, ಒಂದಾದ ಮೇಲೊಂದು,
ನಾನು ಎಣಿಸಲಿಲ್ಲ.
ಹನ್ನೆರಡು ತಾಸು, ಎಂದಳು ಎಷ್ಟೋ ಹೊತ್ತಿನ ಮೇಲೆ,
ನನ್ನ ಹತ್ತಿರ ಹಳೆಯ ಪ್ರತಿ ಇತ್ತು.

ಆಮೇಲೆ ಬೀದಿ ದಾಟದೆ ಅಲ್ಲೇ ನಿಂತು
ಎರಡು ಬೆರಳು ಬಾಯಿಗಿಟ್ಟಳು.
ಉದ್ದದ್ದೊಂದು, ನಡುವೆ ಮುರಿದು, ಮೇಲೇರಿ.
ಆಚೆ ಬದಿಯಲ್ಲಿ ಯಾರದೋ ನಾಯಿ ಕಿವಿ ನಿಮಿರಿಸಿತು,
ಟ್ರಾಮಿನ ಕಿಟಕಿಯಲ್ಲಿ ನಾಲ್ಕಾರು ಮುಖ ತಿರುಗಿದವು.
ಏನು ಹೇಳಿದೆ ಎಂದು ನಾನು ಕೇಳಲಿಲ್ಲ.

ಸೋಮವಾರ ವರದಿ ಬರೆದೆ:
ಹದಿನಾಲ್ಕು ಇದ್ದಲ್ಲಿ ಒಂದು.
ಅಂಕಿಯನ್ನು ಎರಡು ಸಲ ನೋಡಿದೆ,
ಸರಿಯಾಗಿಯೇ ಇತ್ತು.