ಮೂರನೇ ಇಯತ್ತೆಯ ಹಲಗೆ

ಗೋಡೆಯಿಂದ ಅದನ್ನು ಕಿತ್ತದ್ದು ರಾತ್ರಿ ಎರಡೂವರೆಗೆ.
ಸ್ಕ್ರೂ ತುಕ್ಕು ಹಿಡಿದಿತ್ತು; ಜೈನುದ್ದೀನ್ ಬಾಗವಾನ
ಕಲ್ಲಂಗಡಿ ಹೆಚ್ಚುವ ಚೂರಿಯಿಂದ ಮೀಟಿದ.
"ಮಾಸ್ತರ, ಸಾಳಿ ಸಾಮಾನು ಮುರದ್ರ ರೊಕ್ಕ ಯಾರ ಕೊಡವ್ರು?"
"ನನ್ನ ಪಗಾರದಾಗ ಹಿಡೀತಾರ, ನೀ ಎಬ್ಬು."

ಅಕ್ಕಲಕೋಟ ರಸ್ತೆಯ ಕಡೆ ಆಕಾಶ ಕೆಂಪಗಿತ್ತು.
ಸೊಲ್ಲಾಪುರದವರು ನಾವು, ಏನು ಕಂಡರೂ
ಚಾದರಕ್ಕೆ ಹೋಲಿಸುವ ಮಂದಿ.
ಅವತ್ತು ಯಾರೂ ಹೋಲಿಸಲಿಲ್ಲ.

ಟಾವೆಲ್ ಕಾರಖಾನೆಯ ನೂಲಿನ ಗೋದಾಮು.
ಮೇಲಿನ ಮಾಳಿಗೆಯಲ್ಲಿ ರಾತ್ರಿಪಾಳಿ.
ಹತ್ತಿ ಹೊತ್ತಿದರೆ ಕೂಗುವುದಿಲ್ಲ,
ಒಳಗೊಳಗೇ ತಿನ್ನುತ್ತ ಮೆಟ್ಟಿಲು ಹತ್ತುತ್ತದೆ.

ಸಿವಿಲ್ ಆಸ್ಪತ್ರೆಯ ಬಾಗಿಲಲ್ಲಿ
ನಾಲ್ಕು ಭಾಷೆಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು.
ಉತ್ತರವಿದ್ದದ್ದು ಒಬ್ಬ ವಾರ್ಡ್‌ಬಾಯ್ ಬಳಿ,
ಅವನ ದನಿ ಬಿದ್ದುಹೋಗಿತ್ತು.
ಅದಕ್ಕೇ ಹಲಗೆ.

ತಳ್ಳುಗಾಡಿಯ ಮೇಲೆ ಅಡ್ಡ ಮಲಗಿಸಿ ತಂದೆವು.
ಅದರ ಮೇಲಿನ್ನೂ ಏಳರ ಮಗ್ಗಿ,
ಏಳಾರ್ಲೆ ನಲವತ್ತೆರಡರ ತನಕ; ಅಷ್ಟರಲ್ಲಿ
ಶುಕ್ರವಾರದ ಗಂಟೆ ಹೊಡೆದಿತ್ತು.
ಅಂಗಿಯ ತೋಳಿನಿಂದ ಒರೆಸಿದೆ.

ಎಡಕ್ಕೆ ಹೆಸರು. ನಡುವೆ ವಾರ್ಡು. ಆಮೇಲೆ ಬೇಕಾದ ರಕ್ತ.
ಕನ್ನಡ, ಮರಾಠಿ ನನ್ನ ಕೈಯಲ್ಲಿ. ತೆಲುಗಿಗೆ
ವಡನಾಳರ ಮೊಮ್ಮಗಳು ಪದ್ಮಜಾ.
ಉರ್ದುವಿಗೆ ಜೈನುದ್ದೀನ್: ಬಲದಿಂದ ಬರೆಯುತ್ತ ಬಂದವನು
ಎಡದಿಂದ ಹೋಗುತ್ತಿದ್ದ ನನ್ನ ಕೈಗೆ ಡಿಕ್ಕಿ ಹೊಡೆದ.
ಇಬ್ಬರ ಖಡುವೂ ಮುರಿಯಿತು.
ಆ ರಾತ್ರಿ ನಕ್ಕದ್ದು ಅದೊಂದೇ ಸಲ.

ಬೀಡಿ ಕಟ್ಟುವ ಹೆಂಗಸರು ನಡೆದೇ ಬಂದರು.
ತಂಬಾಕಿನ ಮೊರದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ.
ಎಷ್ಟು ಬಂದವು ಎಂದು ಬರೆದುಕೊಳ್ಳಲು ಹೋದೆ.
"ಲೆಕ್ಕ ಬ್ಯಾಡ್ರಿ ಮಾಸ್ತರ,
ದಿನಾ ಸಾವಿರ ಎಣಿಸಿ ಎಣಿಸಿ ಸಾಕಾಗೇತಿ."

ಗವಸಾನೆ ತನ್ನ ರಿಕ್ಷಾದ ಮೀಟರಿಗೆ ಚೀಲ ಕಟ್ಟಿದ.
ಮದುವೆಯ ಬ್ಯಾಂಡಿನವರು, ಭುಜದ ಜರಿಯ ಸಮೇತ,
ರಕ್ತದ ಸಾಲಿನಲ್ಲಿ ನಿಂತರು;
ಹನ್ನೊಂದನೆಯ ಹೆಸರಿಗೆ ಹೊಂದಿದ್ದು ಕ್ಲಾರಿನೆಟ್ಟಿನವನದು.
ಎಂಟಾಣೆಗೂ ಜಗಳ ತೆಗೆಯುವ ಕಿರಾಣಿ ಚನಮಲ್ಲಪ್ಪ
ಅಂಗಡಿಯ ಮುಲಾಮನ್ನೆಲ್ಲ ಹೊತ್ತು ತಂದು,
ಇದು ಹಚ್ಚೋ ಹಂಗಿಲ್ಲ ಎಂದು ನರ್ಸು ಹೇಳಿದಾಗ
ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ.

ಎಲ್ಲರೂ ಒಳ್ಳೆಯವರಾದರು ಎಂದಲ್ಲ.
ನನ್ನ ಸೈಕಲ್ ಕಳವಾದದ್ದು ಅದೇ ಗೇಟಿನಲ್ಲಿ.

ಬೆಳಕು ಹರಿಯುವಾಗ ಪೊಲೀಸ ಇನ್ನೊಂದು ಗೆರೆ ಎಳೆಸಿದ:
ಕಡೆಯವರು ಯಾರು, ಸಂಬಂಧ ಏನು.
ಹದಿನೇಳನೆಯ ಸಾಲು, ಲಲನ್.
ಅಡ್ಡಹೆಸರಿಲ್ಲ. ಬಿಹಾರ ಅಂದರು ಒಬ್ಬರು,
ಬ್ಯಾರೆ ಎಲ್ಲ್ಯೋ ಅಂದರು ಇನ್ನೊಬ್ಬರು.
ಆರು ಗಂಟೆಗೆ ಎಲ್ಲರ ಮುಂದೆ ಯಾರಾದರೊಬ್ಬರಿದ್ದರು,
ಅವನ ಮುಂದೆ ಹಲಗೆಯೇ ಇತ್ತು.

ನರ್ಸವ್ವ ಯಮೂಲ, ಓದು ಬಾರದವಳು,
ಆ ಖಾಲಿಯನ್ನು ಓದಿದಳು.
"ಅಲ್ಲ್ಯಾಕ ಬರದಿಲ್ಲ?"
"ಯಾರಿಲ್ರಿ ಅವಂಗ."
"ಮತ್ತ ನಾ ಇಲ್ಲಿ ಯಾಕ ಕುಂತೀನಿ?"

ಪದ್ಮಜಾ ಬರೆದಳು. ಪೊಲೀಸ ಕೇಳಿದ, ಸಂಬಂಧ?
ಮುದುಕಿ ಬಾಯೊಳಗಿನ ಎಲೆ ಆ ಕೆನ್ನೆಗೆ ತಳ್ಳಿ,
"ಓಣಿ" ಅಂದಳು.
ಅವನು ಯಾವ ಓಣಿಯವನೆಂದು
ನಮಗ್ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ.

ಲಲನ್ ನಾಲ್ಕು ದಿನ ಇದ್ದ.
ನಾಲ್ಕು ದಿನವೂ ಅವಳ ಬೀಡಿ ಸಾವಿರ ಮುಟ್ಟಲಿಲ್ಲ.

ಹಲಗೆ ಮತ್ತೆ ಗೋಡೆಗೆ ಬಂತು,
ಒಂದು ಸ್ಕ್ರೂ ಕಡಿಮೆ, ತುಸು ವಾಲಿ.
ಮಕ್ಕಳು ಈಗ ತಲೆ ಓರೆ ಮಾಡಿ ಓದುತ್ತಾರೆ.
ಒದ್ದೆ ಬಟ್ಟೆಯಲ್ಲಿ ಮೂರು ಸಲ ಒರೆಸಿದ್ದೇನೆ; ಆದರೂ
ಹನ್ನೊಂದರ ಬಿಸಿಲು ಕಿಟಕಿಯಿಂದ ಅಡ್ಡ ಬಿದ್ದಾಗ
ಕೆಳಗಿನಿಂದ ಮೂರನೆಯ ಸಾಲು ಏಳುತ್ತದೆ.

"ಸರ್, ಅದೇನು ಬರದದ?" ಎಂದಳು ಮುಂದಿನ ಬೆಂಚಿನ ಹುಡುಗಿ.
"ಎಲ್ಲಿಗೆ ಬಿಟ್ಟಿದ್ದಿವಿ ನಾವು?" ಅಂದೆ.
ಏಳೇಳ್ಲೆ, ಎಂದರು
ಎಲ್ಲರೂ ಒಟ್ಟಿಗೆ.